ಅರ್ಧ ಬೆಲೆಯ ಕಿಟಕಿ

ಈ ಸಲ ಯಾವುದು ಚೆನ್ನಾಗಿದೆ, ಸುಲೇಮಾ?
ಎಂದು ಕೇಳದೆ ಟಿಕೆಟು ಕೊಳ್ಳುವವರು
ಬ್ಯೂನಸ್ ಐರಿಸ್‌ನಲ್ಲಿ ಇನ್ನೂ ಹುಟ್ಟಿಲ್ಲ.
ಕೊರಿಯೆಂತೆಸ್ ಬೀದಿಯ ನನ್ನ ಕಿಟಕಿ ಇಷ್ಟೇ ಇಷ್ಟು:
ಒಂದು ಕೈ ಒಳಗೆ ಬರಬಹುದು,
ಅಂಗೈ ಅಗಲಿಸಿದರೆ ಅದೂ ಇಲ್ಲ.
ಪಕ್ಕದ ರಟ್ಟಿನ ಮೇಲೆ ಇವತ್ತಿನ ಆಟಗಳು, ಇವತ್ತಿನ ದರ;
ದರ ಮಾತ್ರ ಪೆನ್ಸಿಲ್ಲಿನಲ್ಲಿ.
ಪೆಸೋವನ್ನು ನಂಬಿ ಶಾಯಿಯಲ್ಲಿ ಬರೆಯುವುದು ಬಿಟ್ಟು
ಬಹಳ ವರ್ಷವಾಯಿತು.

ನಾನು ಮುಖ ನೋಡಿ ಮಣೆ ಹಾಕುವವಳು.
ಬ್ಯಾಂಕಿನಿಂದ ನೇರ ಬಂದು ಟೈ ಸಡಿಲಿಸಿಕೊಂಡವರಿಗೆ
'ಮೂವರು ಗಂಡಂದಿರು, ಒಂದೇ ಸ್ನಾನದ ತೊಟ್ಟಿ' –
ಹೊಟ್ಟೆ ಹುಣ್ಣಾಗುತ್ತದೆ, ಖಾತ್ರಿ.
ಒಳನಾಡಿನಿಂದ ರಾತ್ರಿ ಬಸ್ಸು ಹಿಡಿದು ಬಂದ ದಂಪತಿಗೆ
ದೀಪಸ್ತಂಭದ ಕಾವಲುಗಾರನ ಸಂಗೀತ ನಾಟಕ:
ಇಪ್ಪತ್ತೆಂಟು ಜನ, ವೇದಿಕೆಯ ಮೇಲೆ ನಿಜವಾದ ನೀರು,
ಊರಿಗೆ ಹೋಗಿ ಹೇಳಿಕೊಳ್ಳಲು ಬೇಕಾದಷ್ಟು.
ದಪ್ಪ ಕನ್ನಡಕ, ಹರಿದ ಚೀಲ, ಒಬ್ಬರೇ ಬಂದವರಿಗೆ
ನೆಲಮಾಳಿಗೆಯ ನಲವತ್ತು ಕುರ್ಚಿಗಳ ಆಟ –
ತೀರಿಕೊಂಡ ತಾಯಿಯ ಪಿಯಾನೋ ಯಾರಿಗೆಂದು
ಅಕ್ಕತಂಗಿ ಎರಡು ತಾಸು ಜಗಳಾಡುತ್ತಾರಂತೆ;
ಕೊನೆಗೂ ಯಾರಿಗೆಂದು ಗೊತ್ತಾಗುವುದಿಲ್ಲವಂತೆ.

ಅಂತೆ. ನನ್ನದು ಅಂತೆಕಂತೆಗಳ ಸಂತೆ.
ಪರದೆ ಏಳುವುದು ಎಂಟೂವರೆಗೆ,
ನನ್ನ ಕಿಟಕಿ ಮುಚ್ಚುವುದು ಹತ್ತಕ್ಕೆ.
ಎರಡನೆಯ ಆಟ ಮುಗಿಯುವ ಹೊತ್ತಿಗೆ
ಮೊರೋನಿನ ಕಡೆಗೆ ರೈಲಿಲ್ಲ.
ನನಗೆ ರಜೆಯಿರುವ ಸೋಮವಾರ ನಾಟಕಗಳಿಗೂ ರಜೆ.
ಹತ್ತೊಂಬತ್ತು ವರ್ಷದಿಂದ
ಗಂಡಿನ ಮುಖವನ್ನೇ ನೋಡದೆ ಮದುವೆ ಕುದುರಿಸುವ ದಲ್ಲಾಳಿ ನಾನು.
ಯಾರಾದರೂ ಒತ್ತಾಯಿಸಿ ಕೇಳಿದರೆ
ಅಡ್ಡಗೋಡೆಯ ಮೇಲೆ ದೀಪ ಇಡುತ್ತೇನೆ:
'ಎರಡನೆಯ ಅಂಕ ಸ್ವಲ್ಪ ಎಳೆದ ಹಾಗೆ,
ಆದರೆ ಆ ಹುಡುಗಿಯ ಅಭಿನಯ!'
ಎಲ್ಲ ನಾಟಕದಲ್ಲೂ ಒಬ್ಬ ಹುಡುಗಿ ಇದ್ದೇ ಇರುತ್ತಾಳೆ.

ಕಳೆದ ಡಿಸೆಂಬರಿನ ಒಂದು ಶನಿವಾರ,
ಬಿರುಬೇಸಿಗೆ, ಊರಿನ ಏಸಿಗಳೆಲ್ಲ ಒಟ್ಟಿಗೆ ಉಬ್ಬಸಪಡುತ್ತಿದ್ದಾಗ,
ಒಂಬತ್ತು ಹತ್ತಕ್ಕೆ ಕರೆಂಟು ಹೋಯಿತು.
ಓಬೆಲಿಸ್ಕಿನಿಂದ ಕಶಾವೊ ಮೂಲೆಯವರೆಗೆ
ಬೆಳಕಿನ ಹೆಸರುಗಳೆಲ್ಲ ಒಂದೇ ಉಸಿರಿಗೆ ಆರಿದವು.
ಎದುರಿನ ಪಿಜ್ಜಾ ಅಂಗಡಿಯ ಸೌದೆ ಒಲೆ ಮಾತ್ರ,
ಯಾವ ಕಂಪನಿಗೂ ಬಿಲ್ಲು ಕಟ್ಟದ್ದು, ಉರಿಯುತ್ತಲೇ ಇತ್ತು.

ಮೊದಲು ಪ್ರೇಕ್ಷಕರು ಬಂದರು,
ಕರಪತ್ರಗಳನ್ನೇ ಬೀಸಣಿಗೆ ಮಾಡಿಕೊಂಡು.
ಆಮೇಲೆ ಅವರು.
ಎರಡನೆಯ ಗಂಡ, ಸೊಂಟಕ್ಕೆ ಟವೆಲ್ಲು, ಕಿವಿಯಲ್ಲಿ ನೊರೆ,
ಒಲೆಯ ಮುಂದೆ ನಿಂತು ಸಾಲ ಹೇಳಿ ಪಿಜ್ಜಾ ತಿನ್ನುತ್ತಿದ್ದ.
ದೀಪಸ್ತಂಭದವನು ಮೊಬೈಲಿನ ಬೆಳಕು ಎತ್ತಿ ಹಿಡಿದು
ಮುದುಕಿಯರನ್ನು ರಸ್ತೆ ದಾಟಿಸುತ್ತಿದ್ದ.
ಸೂತಕದ ಕಪ್ಪು ಗೌನಿನ ಅಕ್ಕ – ಅಥವಾ ತಂಗಿ –
ನನ್ನ ಕಿಟಕಿಗೆ ಬಂದು ಮೊಣಕೈ ಊರಿದಳು.

'ಮುಂದಿನ ವಾರ ನಮ್ಮ ಆಟ ನಿಲ್ಲುತ್ತದೆ.
ಅಂತೂ ಒಂದು ರಾತ್ರಿ ಬಿಡುವು.
ಯಾವುದು ಚೆನ್ನಾಗಿದೆ?'

ತುಟಿಯವರೆಗೆ ಬಂದಿತ್ತು ಎರಡನೆಯ ಅಂಕ, ಆ ಹುಡುಗಿ.
ಕತ್ತಲಲ್ಲಿ ಯಾಕೋ ನಾಲಿಗೆ ಏಳಲಿಲ್ಲ.
'ನಾನು ಒಂದೂ ನೋಡಿಲ್ಲ' ಎಂದೆ.
ಅವಳು ಗಾಜಿಗೆ ಹಣೆ ತಾಗಿಸಿ ನಕ್ಕಳು:
'ಒಂಬತ್ತು ತಿಂಗಳಿಂದ ಆಡುತ್ತಿದ್ದೇನೆ,
ನನ್ನದನ್ನೇ ನಾನು ನೋಡಿಲ್ಲ.
ಹೇಗಿದೆಯಂತೆ?'
'ಚೆನ್ನಾಗಿದೆಯಂತೆ' ಎಂದೆ. 'ಪಿಯಾನೋ ಯಾರಿಗೆ ಹೋಗುತ್ತದೆ?'
ಅವಳು ಬಾಯಿ ತೆರೆದಳು.
ಆಗ ಕರೆಂಟು ಬಂತು.

ಬೀದಿಗೆ ಬೀದಿಯೇ ಹೋ ಎಂದಿತು. ಟವೆಲ್ಲು ಓಡಿತು,
ಕಾವಲುಗಾರ ಓಡಿದ,
ಅವಳೂ ಓಡಿದಳು, ಎತ್ತರದ ಹಿಮ್ಮಡಿಯ ಚಪ್ಪಲಿ ಕೈಯಲ್ಲಿ ಹಿಡಿದು.
ಗಾಜಿನ ಮೇಲೆ ಉಳಿದದ್ದು
ಅವಳ ಹಣೆಯ ಬಣ್ಣ, ನಾಣ್ಯದಗಲ.
ಅದನ್ನು ನಾನು ಒರೆಸಲಿಲ್ಲ.

ಮರುದಿನ ಟೈ ಸಡಿಲಿಸಿಕೊಂಡವನೊಬ್ಬ ಬಗ್ಗಿ ಕೇಳಿದ,
ಈ ಸಲ ಯಾವುದು?
'ಗಂಡಂದಿರದ್ದು ನೋಡಿ' ಎಂದೆ.
'ಅದರಲ್ಲಿ ಎರಡನೆಯವನು ಪ್ರಾಮಾಣಿಕ.
ಸಾಲ ಹೇಳಿದ ಪಿಜ್ಜಾದ ದುಡ್ಡು
ಬೆಳಿಗ್ಗೆಯೇ ಬಂದು ಕೊಟ್ಟುಹೋದ,
ದರ ಏರುವ ಮೊದಲು.'